ತಪ್ಪಲದ ರಸ ಗಾಜಿನ ತಟ್ಟೆಗೆ ಬಂದ ಕಥೆ

ರೋಣ ತಾಲ್ಲೂಕಿನ ಮೆಣಸಗಿ ಮಲಪ್ರಭೆಯ ದಂಡೆಯ ಎರೆ ಸೀಮೆಯ ಊರು. ಈ ಸೀಮೆಯ ಮನೆಗಳಲ್ಲಿ ಬೆಣ್ಣೆ ಕಾಸುವ ಹೆಂಗಸರು ತುಪ್ಪವನ್ನು ಒಲೆಯಿಂದ ಇಳಿಸುವ ಮುನ್ನ ಒಂದು ವೀಳ್ಯದೆಲೆಯನ್ನೋ ಒಂದು ಹಿಡಿ ನುಗ್ಗೆಯ ತಪ್ಪಲವನ್ನೋ ಅದರೊಳಗೆ ಬಿಡುತ್ತಾರೆ. ಎಲೆ ಚಟಪಟ ಸದ್ದು ಮಾಡಿ ಗರಿಗರಿಯಾದರೆ ತುಪ್ಪದಲ್ಲಿ ನೀರಿನಂಶ ಉಳಿದಿಲ್ಲವೆಂದು ಲೆಕ್ಕ. ಏಕೆ ಹಾಕುತ್ತೀರಿ ಎಂದು ಕೇಳಿದರೆ ಘಮ ಬರುತ್ತದೆ, ತುಪ್ಪ ಬಹಳ ದಿನ ಕೆಡುವುದಿಲ್ಲ ಎಂಬ ಎರಡು ಉತ್ತರ ಸಿಗುತ್ತವೆ. ಮೊದಲನೆಯದು ರುಚಿಯ ಮಾತು. ಎರಡನೆಯದು ರಸಾಯನಶಾಸ್ತ್ರದ ಮಾತು.

ತುಪ್ಪ, ಎಣ್ಣೆಗಳು ಗಾಳಿಗೆ ತೆರೆದುಕೊಂಡಾಗ ಅವುಗಳ ಕೊಬ್ಬಿನ ಕಣಗಳು ಆಮ್ಲಜನಕದೊಡನೆ ಸೇರತೊಡಗುತ್ತವೆ. ಒಂದು ಕಣ ಕೆಟ್ಟರೆ ಅದು ಪಕ್ಕದ ಕಣವನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು. ಹೀಗೆ ಸರಪಳಿಯಂತೆ ಸಾಗುವ ಈ ಕ್ರಿಯೆಯ ಕೊನೆಯಲ್ಲಿ ನಮಗೆ ಸಿಗುವುದು ಕಮಟು ವಾಸನೆ. ವೀಳ್ಯದೆಲೆ, ಕರಿಬೇವು, ನುಗ್ಗೆಯ ಎಲೆಗಳಲ್ಲಿರುವ ಫೀನಾಲಿಕ್ ಎಂಬ ವರ್ಗದ ರಾಸಾಯನಿಕಗಳು ಈ ಸರಪಳಿಯ ನಡುವೆ ತಾವೇ ನಿಂತು, ತಮ್ಮದೊಂದು ಹೈಡ್ರೋಜನ್ ಕಣವನ್ನು ಬಿಟ್ಟುಕೊಟ್ಟು ಕೊಂಡಿಯನ್ನು ತುಂಡರಿಸುತ್ತವೆ. ವಿಜ್ಞಾನಿಗಳು ಇಂಥವನ್ನು ಆಂಟಿಆಕ್ಸಿಡೆಂಟ್ ಅಥವಾ ಉತ್ಕರ್ಷಣ ನಿರೋಧಕ ಎಂದು ಕರೆಯುತ್ತಾರೆ. 1979ರಲ್ಲಿ ಪಟೇಲ್ ಮತ್ತು ರಾಜೋರಿಯಾ ಎಂಬ ಸಂಶೋಧಕರು ಕರಿಬೇವು ಮತ್ತು ವೀಳ್ಯದೆಲೆ ತುಪ್ಪದಲ್ಲಿ ಮಾಡುವ ಈ ಕೆಲಸದ ಬಗೆಗೆ ಆಹಾರ ವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಬಂಧವನ್ನೇ ಪ್ರಕಟಿಸಿದರು. ಕಾರ್ಖಾನೆಯ ಎಣ್ಣೆ ಡಬ್ಬಿಗಳಲ್ಲಿ ಇದೇ ಕೆಲಸಕ್ಕೆ ಬಿ.ಎಚ್.ಎ., ಬಿ.ಎಚ್.ಟಿ. ಎಂಬ ಕೃತಕ ರಾಸಾಯನಿಕಗಳನ್ನು ಬಳಸುವುದುಂಟು. ಯೂರೋಪಿನಲ್ಲಿ ರೋಸ್‌ಮೇರಿ ಎಂಬ ಗಿಡದ ಎಲೆಯ ಸಾರಕ್ಕೆ 2010ರಲ್ಲಿ ಆಹಾರಕ್ಕೆ ಸೇರಿಸುವ ಪದಾರ್ಥವೆಂದು ಅಧಿಕೃತ ಸಂಖ್ಯೆಯೇ ದೊರಕಿತು. ನಮ್ಮ ವೀಳ್ಯದೆಲೆ ಮಾತ್ರ ಯಾವ ಸಂಖ್ಯೆಯ ಹಂಗೂ ಇಲ್ಲದೆ ಬೋಗುಣಿಯಲ್ಲಿ ತನ್ನ ಪಾಡಿಗೆ ತಾನು ಹುರಿಯುತ್ತಿದೆ.

ಬೇವಿನದು ಇನ್ನೂ ದೊಡ್ಡ ಕಥೆ. ನೆಲದಡಿಯ ಹಗೇವಿನಲ್ಲಿ ಜೋಳ ತುಂಬುವಾಗ, ಕಾಳಿನ ಗಡಿಗೆಗೆ ಬಾಯಿ ಕಟ್ಟುವಾಗ ಒಣಗಿದ ಬೇವಿನ ತಪ್ಪಲ ಬೆರೆಸುವುದು ಉತ್ತರ ಕರ್ನಾಟಕದ ರೈತರ ಹಳೆಯ ರೂಢಿ. ಬಾಣಂತಿಯ ಸ್ನಾನದ ನೀರಿಗೆ ಬೇವು, ಲಕ್ಕಿ ಸೊಪ್ಪು. ಮೈಮೇಲೆ ಅಮ್ಮ ಎದ್ದರೆ ಹಾಸಿಗೆಯ ಸುತ್ತ ಬೇವು. ಯುಗಾದಿಗೆ ಬೆಲ್ಲದೊಡನೆ ಬೇವು. ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು: ಸಿಡುಬನ್ನು ಈ ನೆಲದಿಂದ ಓಡಿಸಿದ್ದು ಬೇವಲ್ಲ, ಲಸಿಕೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ. ಆದರೆ ಕೀಟ ಮತ್ತು ಬೂಷ್ಟಿನ ವಿಷಯದಲ್ಲಿ ಅಜ್ಜಿಯರ ನಂಬಿಕೆ ಹುಸಿಯಾಗಲಿಲ್ಲ. 1959ರಲ್ಲಿ ಸೂಡಾನಿನಲ್ಲಿ ಮಿಡತೆಯ ಹಿಂಡು ಹಸಿರನ್ನೆಲ್ಲ ಮೇಯ್ದು ಬೇವನ್ನು ಮಾತ್ರ ಬಿಟ್ಟುಹೋದದ್ದನ್ನು ಜರ್ಮನಿಯ ಕೀಟತಜ್ಞ ಶ್ಮುಟರರ್ ಕಣ್ಣಾರೆ ಕಂಡರು. 1968ರಲ್ಲಿ ಇಂಗ್ಲೆಂಡಿನಲ್ಲಿ ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಲಾಯಿತು. ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಲು ಕೇಂಬ್ರಿಜ್‌ನ ರಸಾಯನ ವಿಜ್ಞಾನಿಗಳಿಗೆ 22 ವರ್ಷ ಹಿಡಿಯಿತು. ಅವರು ಗೆದ್ದದ್ದು 2007ರಲ್ಲಿ. ಹೊಲದ ಬದುವಿನ ಮರ ಅದನ್ನು ಪ್ರತಿ ಬೇಸಿಗೆಯಲ್ಲಿ ಬೀಜದೊಳಗೆ ತುಂಬಿ ಉದುರಿಸುತ್ತದೆ.

ಕನ್ನಡದ ವೈದ್ಯ ಗ್ರಂಥಗಳು

ಗಿಡಮೂಲಿಕೆಯ ಜ್ಞಾನ ಬರೀ ಬಾಯಿಂದ ಬಾಯಿಗೆ ಬಂದದ್ದು, ಬರಹಕ್ಕೆ ಇಳಿದದ್ದಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕನ್ನಡದ ಮಟ್ಟಿಗೆ ಇದು ಅರ್ಧಸತ್ಯ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯ ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ ಬರೆದ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ‘ಲೋಕೋಪಕಾರ’ವನ್ನು ಕನ್ನಡದಲ್ಲಿ ರಚಿಸಿದ. ಹೆಸರಿಗೆ ತಕ್ಕಂತೆ ಅದು ಜನರ ಬಳಕೆಯ ಪುಸ್ತಕ. ಬಾವಿಗೆ ನೀರಿನ ಸೆಲೆ ಹುಡುಕುವುದರಿಂದ ಹಿಡಿದು ಗಿಡಗಳ ರೋಗ, ಅಡುಗೆಯ ಪಾಕ, ವಿಷಚಿಕಿತ್ಸೆಯವರೆಗೆ ಎಲ್ಲವೂ ಅಲ್ಲಿವೆ. ನೂರು ವರ್ಷಗಳ ತರುವಾಯ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಕರುಗಳ ರೋಗಕ್ಕೆಂದೇ ‘ಗೋವೈದ್ಯ’ ಬರೆದ. ಅರಮನೆಯಲ್ಲಿ ಹುಟ್ಟಿದವನು ದನದ ಕಾಯಿಲೆಯ ಬಗ್ಗೆ ಪುಸ್ತಕ ಬರೆದದ್ದು ಈ ನಾಡಿನ ಒಕ್ಕಲುತನಕ್ಕೆ ಸಂದ ಗೌರವವೇ ಸರಿ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಆಧರಿಸಿ ‘ಕರ್ನಾಟಕ ಕಲ್ಯಾಣಕಾರಕ’ವನ್ನು ರಚಿಸಿದ. ಜೈನ ವೈದ್ಯನಾದ ಈತನ ಚಿಕಿತ್ಸೆಯಲ್ಲಿ ಮದ್ಯ, ಮಾಂಸ, ಜೇನಿಗೆ ಎಡೆಯಿಲ್ಲ. ಪ್ರಾಣಿಮೂಲದ ಔಷಧಗಳನ್ನು ಬದಿಗಿಟ್ಟವನಿಗೆ ಗಿಡಗಳೇ ಗತಿ. ಎಲೆ, ಬೇರು, ತೊಗಟೆಗಳ ಅರಿವು ಕನ್ನಡದಲ್ಲಿ ಬೆಳೆದದ್ದಕ್ಕೆ ಈ ಧಾರ್ಮಿಕ ನಿಷೇಧವೂ ಒಂದು ಕಾರಣ ಎಂದರೆ ತಪ್ಪಾಗಲಾರದು.

ಔಷಧ ಕೊಡುವ ಜಾಗಗಳೂ ಇದ್ದವು. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಆ ಮಠದಲ್ಲಿ ನಡೆಯುತ್ತಿದ್ದ ಕಾರ್ಯಗಳನ್ನು ಎಣಿಸುತ್ತ ವೇದ, ಶಾಸ್ತ್ರ, ಕಾವ್ಯಗಳ ಪಾಠದ ಜೊತೆಗೆ ರೋಗಿಗಳಿಗೆ ಮದ್ದು ಕೊಡುವುದನ್ನೂ ಸೇರಿಸುತ್ತದೆ.

ಇವೆಲ್ಲವುಗಳಲ್ಲಿ ಎರೆ ಸೀಮೆಯ ರೈತನಿಗೆ ಹತ್ತಿರವಾದ ಪುಸ್ತಕವೆಂದರೆ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’. ವಿಜಯನಗರದ ಆರಂಭದ ದಿನಗಳಲ್ಲಿ, ಸುಮಾರು 1360ರಲ್ಲಿ, ರಚಿತವಾದ ಈ ಗ್ರಂಥದ ವಿಷಯ ವಿಷವೇ. ಗಿಡ, ಖನಿಜಗಳ ಸ್ಥಾವರ ವಿಷ ಒಂದು, ಹಾವು, ಚೇಳು ಮುಂತಾದ ಜೀವಿಗಳ ಜಂಗಮ ವಿಷ ಇನ್ನೊಂದು ಎಂದು ವಿಂಗಡಿಸಿ, ಲಕ್ಷಣ ಮತ್ತು ಮದ್ದುಗಳನ್ನು ಪದ್ಯದಲ್ಲಿ ಹೇಳುತ್ತ ಹೋಗುತ್ತಾನೆ. 1942ರಲ್ಲಿ ಮದರಾಸು ವಿಶ್ವವಿದ್ಯಾಲಯ ಇದನ್ನು ಅಚ್ಚು ಹಾಕಿಸಿತು. ಮಂಗರಾಜನ ಮದ್ದುಗಳಲ್ಲಿ ಮಂತ್ರವೂ ಬೆರೆತಿದೆ ಎಂದು ಮೂಗು ಮುರಿಯುವವರಿದ್ದಾರೆ. ಅದು ಹದಿನಾಲ್ಕನೆಯ ಶತಮಾನದ ಪುಸ್ತಕವೆಂಬುದನ್ನು ನೆನೆದರೆ ಆತ ಗುಣಲಕ್ಷಣಗಳನ್ನು ನೋಡಿ, ವಿಂಗಡಿಸಿ, ಬರೆದಿಟ್ಟ ಶ್ರಮವೇ ದೊಡ್ಡದಾಗಿ ಕಾಣುತ್ತದೆ. ಕಷ್ಟವಿರುವುದು ಆತನಲ್ಲಲ್ಲ. ಹಾವು ಕಡಿದವನನ್ನು ಇಂದಿಗೂ ಆತನ ಕಾಲದ ಚಿಕಿತ್ಸೆಗೆ ಒಯ್ಯುವವರಲ್ಲಿ. ಆ ಮಾತಿಗೆ ಮುಂದೆ ಬರೋಣ.

ರೋಣ ಮುಂಬಯಿ ಇಲಾಖೆಗೆ ಸೇರಿದ್ದ ಬ್ರಿಟಿಷರ ಕಾಲದಲ್ಲಿ ಮುಂಬಯಿಯಲ್ಲಿದ್ದ ವಿಲಿಯಂ ಡೈಮಾಕ್ ಇಬ್ಬರು ಸಹಲೇಖಕರೊಡನೆ 1890ರಿಂದ 1893ರ ನಡುವೆ ‘ಫಾರ್ಮಕೋಗ್ರಾಫಿಯಾ ಇಂಡಿಕಾ’ ಎಂಬ ಮೂರು ಸಂಪುಟಗಳನ್ನು ಹೊರತಂದ. ನಾಡಮದ್ದುಗಳ ಹೆಸರು, ಉಪಯೋಗಗಳೊಡನೆ ಅವುಗಳ ರಾಸಾಯನಿಕ ಪರೀಕ್ಷೆಯ ವಿವರವೂ ಅಲ್ಲಿ ಸೇರಿತು. ಎಲೆ ‘ಸಾರ’ವಾಗಿ ಬಾಟಲಿಗೆ ಇಳಿಯುವ ಕಾಲ ಆಗಲೇ ಶುರುವಾಗಿತ್ತು.

ಗಾಜಿನ ತಟ್ಟೆ ಹೇಳುವುದೇನು?

ಇಂದು ಯಾವುದೇ ಎಲೆಯ ಗುಣ ಪರೀಕ್ಷಿಸಬೇಕೆಂದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿಟ್ಟು ಆಲ್ಕೋಹಾಲ್ ಮುಂತಾದ ದ್ರವಗಳಿಂದ ಮತ್ತೆ ಮತ್ತೆ ತೊಳೆದು ಸಾರ ಇಳಿಸುತ್ತಾರೆ. ಫ್ರಾಂಜ್ ವಾನ್ ಸಾಕ್ಸ್‌ಲೆಟ್ ಈ ಉಪಕರಣವನ್ನು 1879ರಲ್ಲಿ ರೂಪಿಸಿದ್ದು ಎಲೆಗಾಗಿ ಅಲ್ಲ, ಹಾಲಿನಲ್ಲಿರುವ ಕೊಬ್ಬನ್ನು ಅಳೆಯಲಿಕ್ಕೆ. ಬಳಿಕ ಅಗರ್ ಎಂಬ ಕಡಲಪಾಚಿಯ ಜೆಲ್ಲಿಯನ್ನು ಗಾಜಿನ ತಟ್ಟೆಗೆ ಹೊಯ್ದು, ಅದರ ಮೇಲೆ ರೋಗಾಣುಗಳನ್ನು ಹರಡಿ, ಸಾರದಲ್ಲಿ ಅದ್ದಿದ ಕಾಗದದ ಚಿಕ್ಕ ಬಿಲ್ಲೆಯನ್ನು ನಡುವೆ ಇಡುತ್ತಾರೆ. ಅಗರ್ ಕೂಡ ಅಡುಗೆಮನೆಯಿಂದಲೇ ಬಂದದ್ದು. ರಾಬರ್ಟ್ ಕಾಕ್ ಅವರ ಸಹಾಯಕನಾಗಿದ್ದ ವಾಲ್ಟರ್ ಹೆಸ್ಸೆಯ ಜೆಲ್ಲಿ ಬೇಸಿಗೆಯ ಸೆಕೆಗೆ ಕರಗಿಹೋಗುತ್ತಿತ್ತು. ಆತನ ಹೆಂಡತಿ ಫ್ಯಾನಿ ತಾನು ಮುರಬ್ಬ, ಪುಡ್ಡಿಂಗಿಗೆ ಬಳಸುತ್ತಿದ್ದ ಅಗರನ್ನು ಸೂಚಿಸಿದಳು. ಜಾವಾದಲ್ಲಿ ಇದ್ದು ಬಂದವರಿಂದ ಅವಳು ಕಲಿತದ್ದು ಅದು. 1887ರಲ್ಲಿ ಪೆಟ್ರಿ ಮುಚ್ಚಳದ ತಟ್ಟೆ ಮಾಡಿದ. 1966ರಲ್ಲಿ ಬಾವರ್, ಕರ್ಬಿ ಮುಂತಾದವರು ಬಿಲ್ಲೆಯ ಪರೀಕ್ಷೆಗೆ ಜಗತ್ತೆಲ್ಲ ಒಪ್ಪುವ ನಿಯಮ ಹಾಕಿಕೊಟ್ಟರು.

ಒಂದು ರಾತ್ರಿ ಕಳೆದ ಮೇಲೆ ಬಿಲ್ಲೆಯ ಸುತ್ತ ರೋಗಾಣು ಬೆಳೆಯದ ತಿಳಿ ವೃತ್ತ ಕಂಡರೆ ಎಲೆಯಲ್ಲಿ ಸೂಕ್ಷ್ಮಾಣು ನಿರೋಧಕ ಗುಣವಿದೆ ಎಂದರ್ಥ. ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದುಕೊಳ್ಳುತ್ತಾರೆ. ಉತ್ಕರ್ಷಣ ನಿರೋಧಕ ಗುಣದ ಪರೀಕ್ಷೆ ಇನ್ನೂ ಸುಲಭ. 1958ರಲ್ಲಿ ಬ್ಲಾಯ್ಸ್ ಎಂಬಾತ ಸೂಚಿಸಿದ ಡಿ.ಪಿ.ಪಿ.ಎಚ್. ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಎಲೆಯ ಸಾರ ಬೆರೆಸಿದರೆ ಬಣ್ಣ ಹಳದಿಗೆ ತಿರುಗುತ್ತದೆ. ಎಷ್ಟು ಬೇಗ, ಎಷ್ಟು ತಿಳಿಯಾಯಿತೋ ಅಷ್ಟು ಗುಣ.

ಬೇವು, ತುಳಸಿ, ಲಕ್ಕಿ, ಆಡುಸೋಗೆ, ನುಗ್ಗೆ ಎಲ್ಲವೂ ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿವೆ. ನಿಜ ಹೇಳಬೇಕೆಂದರೆ ತೇರ್ಗಡೆಯಾಗದ ಎಲೆ ಹುಡುಕುವುದೇ ಕಷ್ಟ. ನಿಂತಲ್ಲೇ ನಿಲ್ಲುವ ಗಿಡಕ್ಕೆ ಬಿಸಿಲು, ಬೂಷ್ಟು, ಹುಳುಗಳಿಂದ ಓಡಿಹೋಗುವ ದಾರಿಯಿಲ್ಲ. ಆದ್ದರಿಂದ ಎಲ್ಲ ಎಲೆಗಳೂ ಇಂಥ ರಾಸಾಯನಿಕಗಳನ್ನು ತಮ್ಮ ರಕ್ಷಣೆಗೆಂದು ತಯಾರಿಸಿಕೊಳ್ಳುತ್ತವೆ. ಟ್ಯಾನಿನ್ ಎಂಬ ಒಗರು ಪದಾರ್ಥ ಸಿಕ್ಕ ಪ್ರೋಟೀನನ್ನೆಲ್ಲ ಹಿಡಿದುಕೊಳ್ಳುವುದರಿಂದ ತಟ್ಟೆಯ ಮೇಲೆ ವೃತ್ತ ಮೂಡಿಸಬಲ್ಲದು. ಅಷ್ಟರಿಂದ ಅದು ಔಷಧವಾಗುವುದಿಲ್ಲ. ಪ್ರಮಾಣದ ಪ್ರಶ್ನೆಯೂ ಇದೆ. ಸಿಪ್ರೋಫ್ಲಾಕ್ಸಾಸಿನ್ ಎಂಬ ಔಷಧದ ಬಿಲ್ಲೆಯಲ್ಲಿರುವುದು 5 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಐದು ಪಾಲು. ಎಲೆಯ ಸಾರವನ್ನು ಹಲವು ಪ್ರಯೋಗಗಳಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ, ಅಂದರೆ ನೂರಾರು ಪಟ್ಟು ಹೆಚ್ಚು ಹಾಕುತ್ತಾರೆ. ಎರಡೂ ವೃತ್ತಗಳ ಅಗಲ ಒಂದೇ ಇದೆಯೆಂದು ಎಲೆ ಔಷಧಕ್ಕೆ ಸಮ ಎಂದು ಬರೆಯುವುದು ಗೋಣಿಚೀಲವನ್ನೂ ಚಿಟಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ. ಗಾಯ ಕೀವಾಗಿಸುವ ಸ್ಟಫೈಲೋಕಾಕಸ್ ರೋಗಾಣುವಿನ ಮೇಲೆ ಎಲೆಗಳ ಆಟ ಸಾಮಾನ್ಯವಾಗಿ ನಡೆಯುತ್ತದೆ. ಹೊರಗೊಂದು ಹೆಚ್ಚಿನ ಪೊರೆ ಹೊದ್ದಿರುವ ಇ. ಕೋಲಿಯಂಥ ಹೊಟ್ಟೆಯ ರೋಗಾಣುಗಳ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಗಾಯಕ್ಕೆ ಸೊಪ್ಪು ಹಿಂಡುವ ರೂಢಿ ಊರೂರಲ್ಲಿ ಉಳಿದದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಗಾಯಕ್ಕೆ ಹಿಂಡುವ ಸೊಪ್ಪುಗಳಲ್ಲಿ ಒಂದಾದ, ರಸ್ತೆ ಬದಿಯಲ್ಲಿ ಹಳದಿ ನಡುವಿನ ಪುಟ್ಟ ಬಿಳಿ ಹೂ ಬಿಡುವ ಟ್ರೈಡ್ಯಾಕ್ಸ್ ನಮ್ಮ ನೆಲದ್ದೇ ಅಲ್ಲ. ಅದು ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದ ಕಳೆ. ಅಂದರೆ ಮಂಗರಾಜನಿಗೆ ಅದರ ಪರಿಚಯವಿರಲು ಸಾಧ್ಯವಿಲ್ಲ. ಹೊರಗಿನಿಂದ ಬಂದ ಕಳೆಯೊಂದರ ಗುಣವನ್ನು ಕೆಲವೇ ತಲೆಮಾರುಗಳಲ್ಲಿ ಕಂಡುಕೊಂಡ ಹಳ್ಳಿಗರು ಬರೀ ಪರಂಪರೆಯನ್ನು ನೆಚ್ಚಿ ಕೂತವರಲ್ಲ, ತಾವೂ ಪ್ರಯೋಗ ಮಾಡಿದವರು.

ತಟ್ಟೆಯಿಂದ ಔಷಧದವರೆಗೆ ಹೋಗುವ ದಾರಿ ಎಷ್ಟು ದೂರ ಎಂಬುದಕ್ಕೆ ಚೀನಾದ ತೂ ಯೂಯೂ ಅವರ ಕೆಲಸ ಒಳ್ಳೆಯ ಉದಾಹರಣೆ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಆಕೆಯ ತಂಡ ಛಿಂಗ್‌ಹಾವ್ ಎಂಬ ಗಿಡದ ಸಾರ ಒಮ್ಮೆ ಫಲ ಕೊಟ್ಟು ಮತ್ತೊಮ್ಮೆ ಕೈಕೊಡುವುದನ್ನು ಕಂಡಿತ್ತು. ನಾಲ್ಕನೆಯ ಶತಮಾನದ ವೈದ್ಯ ಗೆ ಹೊಂಗ್‌ನ ಪುಸ್ತಕದಲ್ಲಿ ಆ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದಿತ್ತು; ಕುದಿಸಬೇಕೆಂದು ಇರಲಿಲ್ಲ. ಕುದಿತವೇ ಗುಣವನ್ನು ಕೆಡಿಸುತ್ತಿರಬಹುದೆಂದು ಊಹಿಸಿ, ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದಾಗ ಕೆಲಸ ಕೈಗೂಡಿತು. 1972ರಲ್ಲಿ ಆರ್ಟೆಮಿಸಿನಿನ್ ಶುದ್ಧರೂಪದಲ್ಲಿ ದೊರೆಯಿತು. 2015ರಲ್ಲಿ ಆಕೆಗೆ ನೊಬೆಲ್ ಬಂತು. ನಮ್ಮ ಆಯುರ್ವೇದದಲ್ಲೂ ಹಿಂಡಿದ ರಸ, ಅರೆದ ಕಲ್ಕ, ಕುದಿಸಿದ ಕಷಾಯ, ತಣ್ಣೀರಲ್ಲಿ ನೆನೆಸಿದ್ದು, ಬಿಸಿನೀರಲ್ಲಿ ಅದ್ದಿದ್ದು ಎಂದು ಐದು ಬಗೆ ಹೇಳಿದ್ದಾರೆ. ಹಳ್ಳಿಯ ಔಷಧಿ ಕೊಡುವವರು ‘ಇದನ್ನ ಕುದಸಬ್ಯಾಡ್ರಿ, ಹಿಂಡಿ ಕುಡೀರಿ’ ಎಂದರೆ ಆ ಮಾತನ್ನೂ ಎಲೆಯ ಹೆಸರಿನೊಡನೆ ಬರೆದುಕೊಳ್ಳಬೇಕು. ಬರೀ ಎಲೆಯನ್ನು ಒಯ್ದು ಸಾಕ್ಸ್‌ಲೆಟ್‌ನಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಪರೀಕ್ಷೆಯಾಗುವುದು ಅವರ ಮದ್ದಲ್ಲ.

ಎಲೆ ಎಂದರೆ ನಿರಪಾಯವೇ?

ಗಿಡಮೂಲಿಕೆಯಿಂದ ಗುಣವಾಗದಿದ್ದರೂ ಕೇಡಿಲ್ಲ ಎಂಬ ನಂಬಿಕೆ ಓದಿದವರಲ್ಲೂ ಇದೆ. ಹಾವಿನ ಕಡಿತಕ್ಕೆ ಹೆಸರಾದ ಈಶ್ವರಿ ಬಳ್ಳಿಯನ್ನೇ ನೋಡಿ. ಅದು ಅರಿಸ್ಟೊಲೋಕಿಯಾ ಕುಲಕ್ಕೆ ಸೇರಿದ್ದು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಬೆಲ್ಜಿಯಂನಲ್ಲಿ ತೂಕ ಇಳಿಸಲು ಕೊಟ್ಟ ಮೂಲಿಕೆಯಲ್ಲಿ ಇದೇ ಕುಲದ ಗಿಡ ಬೆರೆತು ಹಲವು ಹೆಂಗಸರು ಮೂತ್ರಪಿಂಡ ಕಳೆದುಕೊಂಡ ಸಂಗತಿ 1993ರಲ್ಲಿ ಬೆಳಕಿಗೆ ಬಂತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಕುಲದ ಮೂಲಿಕೆಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಹಾವಿನ ವಿಷವನ್ನು ಎಲೆಯ ಸಾರ ತಡೆಯಿತೆಂಬ ಸುದ್ದಿಗಳೂ ಬರುತ್ತಿರುತ್ತವೆ. ಅಂಥ ಅನೇಕ ಪ್ರಯೋಗಗಳಲ್ಲಿ ವಿಷವನ್ನೂ ಸಾರವನ್ನೂ ಮೊದಲೇ ಗಾಜಿನ ನಳಿಗೆಯಲ್ಲಿ ಬೆರೆಸಿರುತ್ತಾರೆ. ಹೊಲದಲ್ಲಿ ಕೊಳಕುಮಂಡಲ ಕಡಿಯುವ ಮುನ್ನ ಮದ್ದು ಬೆರೆಸಿ ಬರುವುದಿಲ್ಲ. ವಿಷವಿಲ್ಲದ ಹಾವುಗಳೇ ಹೆಚ್ಚು. ವಿಷದ ಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಡಿಯುತ್ತದೆ. ಆಗ ಯಾವ ಸೊಪ್ಪು ಹಿಂಡಿದರೂ ರೋಗಿ ಬದುಕುತ್ತಾನೆ, ಹೆಸರು ಸೊಪ್ಪಿಗೆ ಬರುತ್ತದೆ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿದು ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಹಳ್ಳಿಗರು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮಂಗರಾಜನ ಕಾಲದಲ್ಲಿ ಪ್ರತಿವಿಷದ ಚುಚ್ಚುಮದ್ದು ಇರಲಿಲ್ಲ, ಇಂದು ಇದೆ. ಇದ್ದಿದ್ದರೆ ಆತ ಅದಕ್ಕೂ ಒಂದು ಅಧ್ಯಾಯ ಬರೆಯುತ್ತಿದ್ದ.

ಆಂಟಿಆಕ್ಸಿಡೆಂಟ್ ಎಂಬ ಪದದ ಮೋಹವೂ ಹೀಗೆಯೇ. ಫಿನ್ಲೆಂಡಿನಲ್ಲಿ 29 ಸಾವಿರ ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಿತ್ತು. ಬೀಟಾ ಕೆರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇಕಡಾ 18ರಷ್ಟು ಏರಿತ್ತು. ಬೋಗುಣಿಯ ತುಪ್ಪದಲ್ಲಿ ಆಗುವುದೆಲ್ಲ ಮನುಷ್ಯನ ಮೈಯಲ್ಲಿ ಆಗಬೇಕೆಂದಿಲ್ಲ.

ಎಲೆ ಯಾರದ್ದು?

1994ರಲ್ಲಿ ಯೂರೋಪಿನ ಪೇಟೆಂಟ್ ಕಚೇರಿ ಬೇವಿನ ಎಣ್ಣೆಯಿಂದ ಬೂಷ್ಟು ತಡೆಯುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು.ಆರ್. ಗ್ರೇಸ್ ಕಂಪೆನಿಯ ಹೆಸರಿಗೆ ಪೇಟೆಂಟ್ ಕೊಟ್ಟಿತು. ಇದು ಭಾರತದ ರೈತರಿಗೆ ಮೊದಲೇ ಗೊತ್ತಿದ್ದ ವಿದ್ಯೆ ಎಂದು ವಂದನಾ ಶಿವ ಮತ್ತಿತರರು ತಕರಾರು ಹೂಡಿದರು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಕೇರಳದ ಕಾಣಿ ಬುಡಕಟ್ಟಿನವರು ತೋರಿಸಿಕೊಟ್ಟ ಆರೋಗ್ಯಪಚ್ಚ ಎಂಬ ಗಿಡದ ಎಲೆಯಿಂದ ತಿರುವನಂತಪುರದ ಸಂಶೋಧಕರು ತಯಾರಿಸಿದ ‘ಜೀವನಿ’ಯ ಪರವಾನಗಿ ಹಣದಲ್ಲಿ ಅರ್ಧದಷ್ಟನ್ನು ಆ ಜನರಿಗೆ ಕೊಡುವ ಒಪ್ಪಂದ ಅದೇ ದಶಕದ್ದು. 2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಅದರಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ ಮತ್ತು ಅವುಗಳ ಬಗೆಗಿನ ಜನರ ತಿಳಿವಳಿಕೆಯ ದಾಖಲೆ ಪುಸ್ತಕ ಸಿದ್ಧವಾಗಬೇಕು. ಹಾಗೆ ಬರೆದಿಟ್ಟದ್ದೇ ನಾಳೆ ಇಂಥ ತಕರಾರುಗಳಲ್ಲಿ ಸಾಕ್ಷಿ.

ಗದಗ ಜಿಲ್ಲೆಯ ಔಷಧಿ ಸಸ್ಯಗಳ ಭಂಡಾರವೆಂದರೆ ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ. ಗುಡ್ಡದ ಮೇಲೆ ಔಷಧಿ ಗಿಡ, ಒಡಲಲ್ಲಿ ಕಬ್ಬಿಣದ ಅದಿರು ಮತ್ತು ಚಿನ್ನ. ಜಗಳಕ್ಕೆ ಇಷ್ಟು ಸಾಕಲ್ಲ! ಸರ್ಕಾರ 2015ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿ, ಮರುವರ್ಷವೇ ಹಿಂತೆಗೆದುಕೊಂಡಿತು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಬೀದಿಗಿಳಿದರು; ಜಿಲ್ಲೆಯ ಜನ ಅವರೊಡನೆ ನಡೆದರು. 2017ರಲ್ಲಿ ಸಂರಕ್ಷಿತ ಪ್ರದೇಶದ ಆದೇಶ ಮರಳಿ ಬಂತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರ್ ವಿಸ್ತೀರ್ಣದ ವನ್ಯಜೀವಿ ಧಾಮವೂ ಆಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ. 2018ರ ಅಕ್ಟೋಬರಿನಲ್ಲೇ ಅವರು ಲಿಂಗೈಕ್ಯರಾಗಿದ್ದರು.

ಗಣಿಯಿಂದ ಗುಡ್ಡ ಸದ್ಯಕ್ಕೆ ಉಳಿದಿದೆ. ಆದರೆ ಅಲ್ಲಿಂದ ತಪ್ಪಲ ತರುವವರಿಗೆ ಹೊಸದೊಂದು ತೊಡಕು ಎದುರಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೆಯ ಕಲಮಿನ ಪ್ರಕಾರ ಧಾಮದೊಳಗಿನ ಅರಣ್ಯ ಉತ್ಪನ್ನವನ್ನು ಅನುಮತಿಯಿಲ್ಲದೆ ತೆಗೆಯುವಂತಿಲ್ಲ. ತೆಗೆದದ್ದನ್ನು ಸುತ್ತಮುತ್ತಲಿನ ಜನರ ಸ್ವಂತ ಅಗತ್ಯಕ್ಕೆ ಬಳಸಬಹುದು, ವ್ಯಾಪಾರಕ್ಕೆ ಬಳಸಲಾಗದು. ಅಮಾವಾಸ್ಯೆಗೊಮ್ಮೆ ಗುಡ್ಡ ಹತ್ತಿ ಬುಟ್ಟಿ ತುಂಬ ಎಲೆ ತಂದು, ಬಂದ ರೋಗಿಗೆ ಹಿಂಡಿ ಕೊಟ್ಟು, ಕೊಟ್ಟಷ್ಟು ತೆಗೆದುಕೊಳ್ಳುವ ನಾಟಿ ವೈದ್ಯನದು ಸ್ವಂತ ಅಗತ್ಯವೋ, ವ್ಯಾಪಾರವೋ? ಕಾಯ್ದೆಯ ಆ ಕಲಮಿನಲ್ಲಿ ಅವನಿಗೆಂದು ಪ್ರತ್ಯೇಕ ಸಾಲಿಲ್ಲ.